ಎರಡನೇ ಶನಿವಾರದ ದೀಪ

ಪ್ರೇಮನಾಥ ಫೋನು ಮಾಡಿದ್ದು ಗುರುವಾರ. ಡೊಂಬಿವಲಿ ಪೂರ್ವದಲ್ಲಿ ಅವನು ಮೂವತ್ತು ವರ್ಷದಿಂದ ನಡೆಸುತ್ತಿದ್ದ ಶಾಂತಾ ವಾಚನಾಲಯದ ಕಟ್ಟಡ ಕೆಡವಿ ಹೊಸದು ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗಿತ್ತು.

"ಸುಗುಣಕ್ಕಾ, ತಿಂಗಳ ಕೊನೆಗೆ ಬಿಲ್ಡರನಿಗೆ ಚಾವಿ ಕೊಡ್ಲಿಕ್ಕುಂಟು. ಪುಸ್ತಕಕ್ಕೆಲ್ಲ ರದ್ದಿಯವನಿಗೆ ಹೇಳಿದ್ದೇನೆ. ಆ ಫ್ರೀಡಾದ್ದು ಮಾತ್ರ ತೆಗೆದಿಟ್ಟಿದ್ದೇನೆ. ನೀವು ಬಂದು ತಕೊಂಡು ಹೋಗಿ."

"ಆಯ್ತು, ನೋಡುವ" ಎಂದಳು ಸುಗುಣಾ. ನೋಡುವ ಎಂದರೆ ನಮ್ಮ ಉಡುಪಿಯ ಕಡೆ ಇಲ್ಲ ಎಂದೇ ಅರ್ಥ.

"ನೋಡುದು ಬೇಡ, ಬನ್ನಿ. ನಾನು ಯಾರ ಕೈಯಲ್ಲೂ ಕಳಿಸುದಿಲ್ಲ. ನೀವೇ ಬರ್ಬೇಕು."

ಏಳು ವರ್ಷಕ್ಕೂ ಹೆಚ್ಚಾಗಿತ್ತು ಸುಗುಣಾ ಆ ವಾಚನಾಲಯದ ಹೊಸ್ತಿಲು ತುಳಿದು. ಅದೇನು ದೂರವಿರಲಿಲ್ಲ. ಬಾಗಿಲು ಆಚೆಯ ರಸ್ತೆಗಿದ್ದರೂ ಅದರ ಹಿಂಬದಿಯ ಗೋಡೆ ಇವಳ ಕಟ್ಟಡದ ಬೆನ್ನಿಗೇ ಇತ್ತು, ನಡುವೆ ಒಂದು ಗಲ್ಲಿ ಅಷ್ಟೆ. ಅಡುಗೆಮನೆಯ ಬಾಲ್ಕನಿಯಿಂದ ಒಗ್ಗರಣೆ ಹಾಕಿದರೆ ಅಲ್ಲಿ ಕೂತು ಓದುವವರು ಸೀನುತ್ತಿದ್ದರು. ಇಷ್ಟು ಹತ್ತಿರದ ಜಾಗಕ್ಕೆ ಏಳು ವರ್ಷ ಹೋಗದೆ ಇರಬೇಕಾದರೆ ಮನುಷ್ಯರಿಗೆ ಒಂದೋ ಕಾಲಿರಬಾರದು, ಇಲ್ಲವೇ ಹಟ ಇರಬೇಕು. ಸುಗುಣಾಗೆ ಕಾಲು ಚೆನ್ನಾಗಿಯೇ ಇದ್ದವು.

ಫ್ರೀಡಾ ಎಂಬ ಪತ್ತೇದಾರಿ ಹುಡುಗಿಯ ಕತೆಗಳ ಹುಚ್ಚು ಸುಗುಣಾಗೆ ಹಿಡಿಸಿದ್ದು ಅವಳ ಮಗಳು ಸುಮೇಧಾ. ಓದುವ ಹುಚ್ಚು ಸಾಮಾನ್ಯವಾಗಿ ತಾಯಿಯಿಂದ ಮಗಳಿಗೆ ಬರುತ್ತದೆ, ಈ ಮನೆಯಲ್ಲಿ ಉಲ್ಟಾ ಆಯಿತು. ನಾಲ್ಕನೇ ಕ್ಲಾಸಿನಲ್ಲಿದ್ದ ಮಗಳು ಒಂದು ದಿನ ಪ್ರೇಮನಾಥನ ವಾಚನಾಲಯದಿಂದ ಹಸಿರು ಬೆನ್ನಿನ ಇಂಗ್ಲಿಷ್ ಪುಸ್ತಕವೊಂದನ್ನು ತಂದಳು. ಮುಖಪುಟದಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಟಾರ್ಚು ಹಿಡಿದು ಹಾಳು ಬಾವಿಯೊಳಗೆ ಇಣುಕುತ್ತಿದ್ದಳು. ಹೆಣ್ಣುಮಗು ಓದುವಂಥದ್ದು ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡಲೆಂದೇ ಸುಗುಣಾ ಓದಲು ಕೂತಳು. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳ ಇಂಗ್ಲಿಷು ಕುಂಟುತ್ತಾ ಹೊರಟಿತು. ನಾಲ್ಕನೇ ಅಧ್ಯಾಯದ ಹೊತ್ತಿಗೆ ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂಬ ಲೆಕ್ಕ ತಪ್ಪಿ ಬೇಳೆ ತಳ ಹಿಡಿದಿತ್ತು. ಸ್ಟೇಷನ್ ಹತ್ತಿರ ಶಾಕಾಹಾರಿ ಹೋಟೆಲು ನಡೆಸುವ ಗಂಡ ಪುಂಡರೀಕಾಕ್ಷ ಮನೆಯೊಳಗೆ ಕಾಲಿಟ್ಟವನೇ ಮೂಗು ಮುಚ್ಚಿಕೊಂಡ. "ಎಂತ ಮಾರಾಯ್ತಿ, ಹೋಟೆಲಿನವನ ಮನೆಯಲ್ಲೇ ಸೀದ ಸಾರಾ?" ಎಂದ. ಸುಗುಣಾ ತಲೆ ಎತ್ತದೆ, "ಸುಮ್ಮನಿರಿ, ಬಾವಿಯೊಳಗೆ ಯಾರೋ ಇದ್ದಾರೆ" ಎಂದಳು.

ಅಲ್ಲಿಂದ ಶುರುವಾದದ್ದು. ಫ್ರೀಡಾ ಲಾರ್ಕಿನ್ ಎಂಬ ಆ ಹುಡುಗಿಗೆ ಒಂದು ಸೈಕಲ್ಲು, ಬೇಕರಿ ನಡೆಸುವ ಒಬ್ಬ ಚಿಕ್ಕಮ್ಮ, ಮತ್ತು ಬೇಡದ ಕಡೆ ಮೂಗು ತೂರಿಸುವ ಅಭ್ಯಾಸ ಇದ್ದವು. ಮೂರನೆಯದು ತನಗೂ ಇದೆ ಎಂದು ಸುಗುಣಾಗೆ ಅವಳನ್ನು ಕಂಡರೆ ಅಕ್ಕರೆ. 'ಫ್ರೀಡಕ್ಕ' ಎಂದೇ ಕರೆಯುತ್ತಿದ್ದಳು. ಫ್ರೀಡಕ್ಕ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದರೆ ಇಲ್ಲಿ ಇವಳಿಗೆ ಬೆವರು. ಫ್ರೀಡಕ್ಕ ಪ್ರತಿ ಅಧ್ಯಾಯದಲ್ಲೂ ತಣ್ಣನೆಯ ಸ್ಯಾಂಡ್‌ವಿಚ್ಚು ತಿಂದರೆ ಇವಳಿಗೆ ಸಂಕಟ. "ಪಾಪ, ಆ ಚಿಕ್ಕಮ್ಮನಿಗೆ ಒಂದು ಬಿಸಿ ದೋಸೆ ಮಾಡಿ ಹಾಕ್ಲಿಕ್ಕೆ ಎಂತ ರೋಗ?" ಎನ್ನುತ್ತಿದ್ದಳು. ಮಗಳು ಹೊಟ್ಟೆ ಹಿಡಿದು ನಗುತ್ತಿದ್ದಳು.

ತಾಯಿ ಮಗಳ ಓದಿಗೆ ಕಟ್ಟುಪಾಡುಗಳಿದ್ದವು. ಶನಿವಾರ ಸಂಜೆ ಐದಕ್ಕೆ ವಾಚನಾಲಯ. ಹಿಂದಿನ ಕಿಟಕಿಯ ಪಕ್ಕದ ಬೆಂಚು. ಪ್ರತಿ ಅಧ್ಯಾಯ ಮುಗಿದಾಗಲೂ ಅದರ ಕೊನೆಯ ಖಾಲಿ ಜಾಗದಲ್ಲಿ ಇಬ್ಬರೂ ಪೆನ್ಸಿಲಿನಲ್ಲಿ ತಮಗೆ ಕಂಡ ಸುಳಿವನ್ನು ಬರೆಯಬೇಕು. ಮಗಳದ್ದೆಂದು ಗುರುತಿಗೆ ಒಂದು ಪುಟ್ಟ ಭೂತಗನ್ನಡಿಯ ಚಿತ್ರ, ತಾಯಿಯದ್ದಕ್ಕೆ ರಂಗೋಲಿಯ ನಾಲ್ಕು ಚುಕ್ಕಿ. ಕೊನೆಯ ಅಧ್ಯಾಯವನ್ನು ಯಾರೂ ಒಬ್ಬರೇ ಓದುವಂತಿಲ್ಲ. ಅದರ ಹಾಳೆಗಳನ್ನೆಲ್ಲ ಸೇರಿಸಿ ಸುಮೇಧಾ ತನ್ನ ತಲೆಯ ಪಿನ್ನು ಸಿಕ್ಕಿಸಿಡುತ್ತಿದ್ದಳು. ಕಳ್ಳ ಯಾರೆಂದು ಇಬ್ಬರೂ ಬಾಯಿಬಿಟ್ಟು ಹೇಳಿದ ಮೇಲೆಯೇ ಪಿನ್ನು ತೆಗೆಯುವುದು. ವಾಚನಾಲಯದ ಪುಸ್ತಕದ ಮೇಲೆ ಬರೆಯಬೇಡಿ ಎಂದು ಪ್ರೇಮನಾಥ ನಾಲ್ಕು ಸಲ ಬೈದ, ಐದನೆಯ ಸಲ ತಾನೇ ಪೆನ್ಸಿಲು ಚೂಪು ಮಾಡಿಕೊಟ್ಟ. ಸುಮೇಧಾ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಇದು ನಿಲ್ಲಲಿಲ್ಲ. ಇಪ್ಪತ್ಮೂರು ಪುಸ್ತಕ ಮುಗಿದವು, ಹಳೆಯವನ್ನೇ ಮತ್ತೆ ಓದಿದರು. ಇಪ್ಪತ್ನಾಲ್ಕನೆಯದು, ಸರಣಿಯ ಕೊನೆಯದು, ಎಲ್ಲೂ ಸಿಕ್ಕಿರಲಿಲ್ಲ.

ಆಮೇಲೆ ಮನೀಶ ಬಂದ. ಅದೇ ಬ್ಯಾಂಕಿನವನು, ವಿಠ್ಠಲವಾಡಿಯ ಹುಡುಗ. ಮನೆಯಲ್ಲಿ ಮರಾಠಿ, ಒಲೆಯ ಮೇಲೆ ಮೀನು. ಸುಮೇಧಾ ಅವನನ್ನೇ ಮದುವೆಯಾಗುತ್ತೇನೆ ಎಂದಾಗ ಪುಂಡರೀಕಾಕ್ಷ ಬಾಯಿ ಕಟ್ಟಿದವನಂತೆ ಕೂತುಬಿಟ್ಟ. ಮಾತಾಡಿದವಳು ಸುಗುಣಾ. "ಅವನನ್ನು ಕಟ್ಟಿಕೊಂಡ್ರೆ ಈ ಮನೆಯ ಮೆಟ್ಟಿಲು ಹತ್ತಬೇಡ. ನಾನು ಸತ್ತಾಗಲೂ ಬರ್ಬೇಡ" ಎಂದಳು. ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯ ರಮಾಮಣಿ ಕೇಳಿಸಿಕೊಂಡಳು. ರಮಾಮಣಿ ಕೇಳಿದರೆ ಇಡೀ ಕನ್ನಡ ಸಂಘವೇ ಕೇಳಿದ ಹಾಗೆ.

"ಅಮ್ಮಾ, ಥಾಂಬ್ ನಾ, ಏಕ್ ಮಿನಿಟ್ ಐಕ್" ಎಂದು ಮಗಳು ಮರಾಠಿಯಲ್ಲಿ ಅಂಗಲಾಚಿದಳು. ಚಿಕ್ಕಂದಿನಿಂದಲೂ ಇವಳ ಕನ್ನಡಕ್ಕೆ ಅವಳ ಉತ್ತರ ಮರಾಠಿ, ಹಿಂದಿಗಳಲ್ಲೇ. ಸುಗುಣಾ ನಿಲ್ಲಲಿಲ್ಲ, ಕೇಳಲಿಲ್ಲ. ೨೦೧೭ರ ಜನವರಿಯಲ್ಲಿ ರಿಜಿಸ್ಟರ್ ಮದುವೆಯಾಗಿ ಅವರಿಬ್ಬರೂ ರೈಲಿನಲ್ಲಿ ಒಂದೂವರೆ ಗಂಟೆ ದೂರದ ಖಾರಘರದಲ್ಲಿ ಮನೆ ಮಾಡಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಪುಂಡರೀಕಾಕ್ಷ, "ಕರೆದುಬಿಡು ಮಾರಾಯ್ತಿ. ಹೇಳಿದವಳು ನೀನು, ಕರೀಬೇಕಾದವಳೂ ನೀನೇ" ಎಂದ. ಸುಗುಣಾಗೂ ಕರುಳು ಕಿತ್ತು ಬರುತ್ತಿತ್ತು. ಆದರೆ ಅಷ್ಟು ದೊಡ್ಡ ಮಾತಾಡಿದ ಬಾಯಿಂದ ಬಾ ಎನ್ನುವುದು ಹೇಗೆ? ವಾಚನಾಲಯದ ಬೆಂಚು ಕಣ್ಣಿಗೆ ಬೀಳುವುದೂ ಬೇಡವಾಯಿತು. ಮನೆಯಲ್ಲಿ ಉಳಿದಿದ್ದ ಒಂದು ಪುಸ್ತಕವನ್ನು ಕೆಲಸದ ಮರಗಮ್ಮನ ಕೈಯಲ್ಲಿ ಪ್ರೇಮನಾಥನಿಗೆ ಹಿಂದೆ ಕಳಿಸಿ, ಆ ರಸ್ತೆಯನ್ನೇ ಬಿಟ್ಟಳು. ತರಕಾರಿಗೂ ಸುತ್ತುಬಳಸಿ ಹೋಗುತ್ತಿದ್ದಳು.

ಆದರೆ ಫ್ರೀಡಕ್ಕನ ಶಿಷ್ಯೆ ಸುಮ್ಮನೆ ಕೂರುವವಳೇ? ಮಗಳು ಬರಬಾರದು ಎಂದಿದ್ದಳೇ ಹೊರತು ತಾನು ಹೋಗಬಾರದು ಎಂದಿರಲಿಲ್ಲ. ದೂರದಿಂದ ಒಮ್ಮೆ ಮುಖ ನೋಡಿ ಬಂದರೆ ಯಾರ ಮರ್ಯಾದೆ ಹೋಗುತ್ತದೆ? ಕೂತು ತರ್ಕ ಮಾಡಿದಳು. ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಒಂದು ಶನಿವಾರ ಅತ್ತೆ ಮನೆಗೆ ಹೋಗದೆ ಬಿಡುವುದಿಲ್ಲ. ವಿಠ್ಠಲವಾಡಿಯ ಆ ಹೆಂಗಸಿಗೆ ನಾಲ್ಕನೆಯದೇ ಅನುಕೂಲವೆಂದು ಹೋಟೆಲಿಗೆ ಬರುವವರೊಬ್ಬರಿಂದ ಪತ್ತೆಯೂ ಆಯಿತು. ಅಂದಮೇಲೆ ಎರಡನೇ ಶನಿವಾರ ಸುಮೇಧಾ ಖಾರಘರದ ಮನೆಯಲ್ಲೇ ಇರಬೇಕು. ಎಷ್ಟು ಚೊಕ್ಕ ತರ್ಕ! ಸುಗುಣಾಗೆ ತನ್ನ ಬುದ್ಧಿಯ ಮೇಲೆ ತನಗೇ ಹೆಮ್ಮೆಯಾಯಿತು.

ಇನ್ನು ಉಳಿದದ್ದು ರಮಾಮಣಿಯ ಕಣ್ಣು. ಅದಕ್ಕೂ ಫ್ರೀಡಕ್ಕನೇ ದಾರಿ ತೋರಿಸಿದಳು. ನಾಲ್ಕನೇ ಪುಸ್ತಕದಲ್ಲಿ ಒಬ್ಬ ಕರ್ನಲ್ ಇದ್ದ. ಮನೆಯಲ್ಲಿ ದೀಪ ಹಚ್ಚಿಟ್ಟು, ಗ್ರಾಮಫೋನು ತಿರುಗಲು ಬಿಟ್ಟು, ಹಿತ್ತಲ ಬಾಗಿಲಿಂದ ಕದಿಯಲು ಹೋಗುತ್ತಿದ್ದ. ಕರ್ನಲ್ ಮನೆಯಲ್ಲೇ ಇದ್ದಾನೆಂದು ಊರೆಲ್ಲ ಆಣೆ ಮಾಡುತ್ತಿತ್ತು. ಪರದೆಯ ಮೇಲೆ ಒಂದು ನೆರಳೂ ಅಲುಗಾಡುವುದಿಲ್ಲ ಎಂದು ಕಂಡುಹಿಡಿದವಳು ಫ್ರೀಡಾ. ಆ ಅಧ್ಯಾಯ ಓದಿದ ದಿನ ತಾಯಿ ಮಗಳು ಬೆಂಚಿನ ಮೇಲೆ ಚಪ್ಪಾಳೆ ತಟ್ಟಿ ಪ್ರೇಮನಾಥನಿಂದ ಬೈಸಿಕೊಂಡಿದ್ದರು.

ಹಾಗಾಗಿ ಪ್ರತಿ ತಿಂಗಳ ಎರಡನೇ ಶನಿವಾರ ಮೂರು ಗಂಟೆಗೆ ಸುಗುಣಾ ಹಿಂದಿನ ಬಾಲ್ಕನಿಯ ದೀಪ ಹಾಕಿ, ರೇಡಿಯೋ ಹಚ್ಚಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೊರಡುತ್ತಿದ್ದಳು. ಥಾಣೆ ಸ್ಟೇಷನ್ನಿನಲ್ಲಿ ಸೇತುವೆ ಹತ್ತಿ ಇಳಿದು ಪನವೇಲ್ ಕಡೆಯ ಲೋಕಲ್ ರೈಲುಗಾಡಿ ಹಿಡಿಯುವುದು. ಖಾರಘರದಲ್ಲಿ ಮಗಳ ಕಟ್ಟಡದ ಗೇಟಿನ ಎದುರು, ಕಬ್ಬಿನ ರಸದಂಗಡಿಯ ಪಕ್ಕದ ಕಲ್ಲುಬೆಂಚಿನಲ್ಲಿ ಆರೂವರೆಯವರೆಗೆ ಕೂರುವುದು. ವಾಚ್‌ಮನ್‌ಗೆ ಪರಿಚಯವಾಗಿ, ಚಿಕ್ಕಮ್ಮನನ್ನು ಕರೆದಂತೆ ಅವನು 'ಮಾವಶಿ' ಎನ್ನತೊಡಗಿದ. ಮನೀಶ ಹಾಲಿನ ಚೀಲ ಹಿಡಿದು ಹೋಗುವುದನ್ನು ಎರಡು ಸಲ ಕಂಡಳು. ಮಗಳು ಒಂದು ದಿನವೂ ಗೇಟಿನಿಂದ ಹೊರಗೆ ಬರಲಿಲ್ಲ, ಒಳಗೆ ಹೋಗಲಿಲ್ಲ. ವರ್ಷ ಕಳೆಯಿತು, ಎರಡಾಯಿತು. ಕಿಟಕಿಯಿಂದ ನನ್ನನ್ನು ನೋಡಿ ಬೇಕೆಂದೇ ಒಳಗಿರುತ್ತಾಳೆ, ಅಷ್ಟು ಕಲ್ಲಾಯಿತೇ ನನ್ನ ಕೂಸಿನ ಮನಸ್ಸು ಎಂದು ಗಾಡಿಯಲ್ಲಿ ಸೆರಗು ಕಚ್ಚಿಕೊಂಡು ಅಳುತ್ತಾ ಬರುತ್ತಿದ್ದಳು. ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದಳು.

೨೦೧೯ರ ಅಕ್ಟೋಬರಿನಲ್ಲಿ ಸುಮೇಧಾಗೆ ಡೆಂಗ್ಯೂ ಬಂತು. ಮನೀಶನ ಫೋನು ಬಂದು ಗಂಡ ಹೆಂಡತಿ ಓಡಿದಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಒಂಬತ್ತನೆಯ ತಾರೀಕು ಹೋದಳು. ಇಪ್ಪತ್ತೇಳು ವರ್ಷ. ಮನೀಶ ಇವರ ಕಡೆ ತಿರುಗಿಯೂ ನೋಡಲಿಲ್ಲ, ಹದಿಮೂರನೆಯ ದಿನ ಕಳೆದು ಪುಣೆಗೆ ವರ್ಗ ಮಾಡಿಸಿಕೊಂಡು ಹೋದ. ಸುಗುಣಾ ಅಂದಿನಿಂದ ಹುಣ್ಣಿನಂತೆ ಹೊತ್ತು ತಿರುಗಿದ್ದು ಒಂದೇ ಪ್ರಶ್ನೆ. ಆ ಎರಡೂವರೆ ವರ್ಷದಲ್ಲಿ ಅವಳು ನನ್ನನ್ನು ಒಮ್ಮೆಯಾದರೂ ನೆನೆದಳೇ? ಹೇಳುವವರು ಯಾರೂ ಉಳಿದಿರಲಿಲ್ಲ.

ಪ್ರೇಮನಾಥನ ಫೋನು ಬಂದ ಮೇಲೆ ಎರಡು ದಿನ ತಡೆದು ಶನಿವಾರ ಸಂಜೆ ಅವಳು ಹೊರಟಳು. ಹೊರಡುವಾಗ ಕೈ ತಾನಾಗಿಯೇ ಬಾಲ್ಕನಿಯ ದೀಪ ಹಾಕಿತು, ರೇಡಿಯೋ ಹಚ್ಚಿತು. ಅಭ್ಯಾಸ ಬಲವಾದದ್ದು.

ವಾಚನಾಲಯದ ಕಪಾಟುಗಳೆಲ್ಲ ಬರಿದಾಗಿ, ಪುಸ್ತಕಗಳು ಹಗ್ಗ ಬಿಗಿದ ಕಟ್ಟುಗಳಾಗಿ ನೆಲದ ಮೇಲೆ ಕೂತಿದ್ದವು. ಕಿಟಕಿಯ ಪಕ್ಕದ ಬೆಂಚು ಮಾತ್ರ ಇದ್ದಲ್ಲೇ ಇತ್ತು. ಪ್ರೇಮನಾಥನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನು ಹೇಗಿದ್ದೀರಿ ಎಂದೂ ಕೇಳಲಿಲ್ಲ. ಬೆಂಚಿನ ಮೇಲೆ ಹಸಿರು ಬೆನ್ನಿನ ಪುಸ್ತಕಗಳ ಕಟ್ಟನ್ನಿಟ್ಟು, ಅದರ ಮೇಲೆ ಬೇರೆಯಾಗಿ ಒಂದನ್ನಿಟ್ಟ.

"ಇಪ್ಪತ್ನಾಲ್ಕು" ಎಂದಳು ಸುಗುಣಾ. ಬೆನ್ನಿನ ಮೇಲಿನ ಅಂಕಿ ನೋಡಿ ಅವಳ ಸ್ವರ ಒಂದು ಗಳಿಗೆ ಹಳೆಯ ಸುಗುಣಾಳದಾಯಿತು. "ಇದು ಎಲ್ಲಿ ಸಿಕ್ಕಿತು, ಪ್ರೇಮಣ್ಣ?"

"ಕಲ್ಯಾಣದಲ್ಲಿ, ಒಬ್ಬ ರದ್ದಿಯವನ ಹತ್ರ. ಹದಿನೇಳರ ಜೂನಿನಲ್ಲಿ ಸಿಕ್ಕಿದ್ದು. ಅದನ್ನು ನಾನು ಬೇರೆ ಯಾರಿಗೂ ಕೊಡ್ಲಿಲ್ಲ. ತೆಗೆದು ನೋಡಿ."

ಕೊನೆಯ ಹಾಳೆಗಳೆಲ್ಲ ಒಂದಾಗಿ ಅಂಟಿಕೊಂಡಂತಿದ್ದವು. ತಲೆಯ ಪಿನ್ನು. ತುಕ್ಕು ಹಿಡಿದು ಕಾಗದಕ್ಕೆ ಕೆಂಪು ಗೆರೆ ಬಿದ್ದಿತ್ತು. ಸುಗುಣಾಳ ಬೆರಳು ನಿಂತವು. ಆಮೇಲೆ ಮೊದಲನೇ ಅಧ್ಯಾಯದ ಕೊನೆಗೆ ತಿರುಗಿಸಿದಳು. ಅಲ್ಲಿ ಪೆನ್ಸಿಲಿನ ಪುಟ್ಟ ಭೂತಗನ್ನಡಿ ಇತ್ತು. ಪಕ್ಕದಲ್ಲಿ ತಾರೀಕು, ೮ ಜುಲೈ ೨೦೧೭. ಅದರ ಕೆಳಗೆ ಮಗಳ ಕಿರಿದಾದ ಇಂಗ್ಲಿಷ್ ಅಕ್ಷರಗಳಲ್ಲಿ, ಅಮ್ಮನಿಗೆಂದೇ ಬರೆದ ಕನ್ನಡ: 'ಅಮ್ಮನ ಲೈಟ್ ಆನ್. ಐದರಿಂದ ಏಳರವರೆಗೆ ಕಾದೆ. ಬರಲಿಲ್ಲ.'

ಜುಲೈ ಎಂಟು. ಸುಗುಣಾ ಬೆರಳು ಮಡಿಸಿ ಎಣಿಸಿದಳು. ಅದು ತಾನು ಮೊದಲ ಸಲ ಖಾರಘರಕ್ಕೆ ಹೋದ ಎರಡನೇ ಶನಿವಾರ.

"ಅವಳು ಬರ್ತಿದ್ಲು ಸುಗುಣಕ್ಕ" ಎಂದ ಪ್ರೇಮನಾಥ. "ಎರಡನೇ ಶನಿವಾರ ಬ್ಯಾಂಕಿಗೆ ರಜೆ ಅಲ್ವಾ. ಇದೇ ಬೆಂಚು. ಅಮ್ಮ ಮೆಟ್ಟಿಲು ಹತ್ತಬೇಡ ಅಂದಿದ್ದಾಳೆ, ಲೈಬ್ರರಿಗೆ ಬರ್ಬೇಡ ಅಂತ ಹೇಳ್ಲಿಲ್ಲ, ಇಲ್ಲಿ ಕೂತ್ರೆ ಒಂದಲ್ಲ ಒಂದು ಶನಿವಾರ ಅವಳು ಬಂದೇ ಬರ್ತಾಳೆ ಅಂತಿದ್ಲು. ಒಂದು ಸಲಕ್ಕೆ ಒಂದೇ ಅಧ್ಯಾಯ ಓದುದು, ಪುಸ್ತಕ ಬೇಗ ಮುಗೀಬಾರ್ದು ಅಂತ. ನಾನು ಫೋನು ಮಾಡ್ತೇನೆ ಅಂದ್ರೆ ಆಣೆ ಹಾಕಿದ್ಲು. ಕರೆಸಿದ್ರೆ ಅದು ಬಂದ ಹಾಗಲ್ಲ ಅಂಕಲ್, ತಾನೇ ಬರ್ಬೇಕು ಅಂತ."

"ನೀವು ಆಮೇಲಾದ್ರೂ..."

"ಆಮೇಲೆ ಹೇಳಿ ಎಂತ ಮಾಡುದು? ಹೋದ ಮಗುವಿನ ತಾಯಿಗೆ ಇದನ್ನು ಹೇಳ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ." ಅವನು ಕಿಟಕಿಯ ಕಡೆ ಕೈ ತೋರಿಸಿದ. "ನಿಜ ಹೇಳ್ತೇನೆ, ನನಗೆ ನಿಮ್ಮ ಮೇಲೆ ಸಿಟ್ಟೂ ಇತ್ತು. ದೀಪ ಉರೀತಿತ್ತು, ರೇಡಿಯೋ ಕೇಳ್ತಿತ್ತು. ಮಗಳು ಇಲ್ಲಿ ಕಣ್ಣೀರು ಹಾಕ್ತಾ ಕೂತಿರುವಾಗ ತಾಯಿ ಮೇಲೆ ಹಾಡು ಕೇಳ್ತಾ ಕೂತಿದ್ದಾಳಲ್ಲ, ಇದೆಂಥ ಕಲ್ಲು ಅಂತ ಎಣಿಸಿದೆ."

"ನಾನು ಮನೆಯಲ್ಲಿರ್ಲಿಲ್ಲ ಪ್ರೇಮಣ್ಣ" ಎಂದಳು ಸುಗುಣಾ. "ಖಾರಘರದಲ್ಲಿದ್ದೆ. ಅವಳ ಗೇಟಿನ ಎದುರು. ಎಲ್ಲ ಎರಡನೇ ಶನಿವಾರವೂ."

ಪ್ರೇಮನಾಥ ಮೆಲ್ಲನೆ ಹೊರಗೆ ಹೋಗಿ ಹೊಸ್ತಿಲ ಮೇಲೆ ಬೆನ್ನು ಹಾಕಿ ಕೂತ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆ ಗಾದೆ ಹೇಳಿ ನಗುವವರು ಒಮ್ಮೆ ಸುಗುಣಾಳನ್ನು ನೋಡಬೇಕಿತ್ತು. ಒಂದೇ ರಜೆ, ಒಂದೇ ತರ್ಕ, ಒಂದೇ ಪುಸ್ತಕದಿಂದ ಕಲಿತ ಬುದ್ಧಿ. ಇವಳ ಗಾಡಿ ಆ ಕಡೆ ಹೋಗುವಾಗ ಅವಳ ಗಾಡಿ ಈ ಕಡೆ ಬರುತ್ತಿತ್ತು. ಏಳೂವರೆಯ ಹೊತ್ತಿಗೆ ಥಾಣೆಯ ಸೇತುವೆಯ ಮೇಲೆ, ಆ ಜನಜಂಗುಳಿಯಲ್ಲಿ, ಇಬ್ಬರೂ ಕಣ್ಣೊರೆಸಿಕೊಂಡು ಎಷ್ಟು ಸಲ ಮೈಗೆ ಮೈ ತಾಗುವಷ್ಟು ಹತ್ತಿರ ದಾಟಿಹೋದರೋ. ಮನೀಶ ಯಾಕೆ ಮುಖ ಕೊಟ್ಟು ಮಾತಾಡಲಿಲ್ಲವೆಂದು ಸುಗುಣಾಗೆ ಈಗ ತಿಳಿಯಿತು. ಅತ್ತು ಬಾತ ಕಣ್ಣಿನ ಹೆಂಡತಿಗೆ ಪ್ರತಿ ಎರಡನೇ ಶನಿವಾರ ಬಾಗಿಲು ತೆರೆದವನು ಅವನು.

ಅವಳು ಒಂದೊಂದೇ ಅಧ್ಯಾಯದ ಕೊನೆಗೆ ಹೋದಳು. ಡಿಸೆಂಬರ್ ೯: 'ಲೈಟ್ ಆನ್. ಬಾಲ್ಕನಿಯಲ್ಲಿ ನನ್ನ ಹಳೇ ಟವೆಲ್ ಒಣಗ್ತಿದೆ. ಬಿಸಾಡಿಲ್ಲ!' ಮರುವರ್ಷದ ಆಗಸ್ಟ್ ೧೧: 'ಲೈಟ್ ಆನ್. ಫ್ರೀಡಾ ಮತ್ತೆ ಸ್ಯಾಂಡ್‌ವಿಚ್ ತಿಂದಳು. ಅಮ್ಮ ಇದ್ದಿದ್ರೆ ಬೈತಿದ್ಲು.' ಕೆಲವು ತಿಂಗಳು ತಪ್ಪಿದ್ದವು. ಮಳೆಗೆ ಗಾಡಿ ನಿಂತ ದಿನಗಳು, ಹಬ್ಬದ ದಿನಗಳು. ಆ ದಿನ ಸುಗುಣಾಳೂ ಹೋಗಿರಲಿಲ್ಲ. ಪ್ರತಿ ಭೂತಗನ್ನಡಿಯ ಪಕ್ಕದಲ್ಲಿ ನಾಲ್ಕು ಚುಕ್ಕಿ ಇಡುವಷ್ಟು ಜಾಗ ಬಿಟ್ಟಿತ್ತು.

ನೆನೆದಳೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಿಗದೆ ಇದ್ದಿದ್ದರೆ ಚೆನ್ನಾಗಿತ್ತು. ಮಗಳು ಮರೆತಳೆಂದು ಅಳುವುದು ಎಷ್ಟೋ ಸುಲಭ. ಈಗ ತಪ್ಪನ್ನು ಬೇರೆ ಯಾರ ಮೇಲೂ ಹೊರಿಸುವಂತಿರಲಿಲ್ಲ. ಆ ದೀಪ ಹಾಕಿದ ಕೈ ತನ್ನದೇ. ಮಗಳಿಗೆ ಮೋಸ ಮಾಡಲೆಂದು ಹಾಕಿದ್ದಲ್ಲ, ಪಕ್ಕದ ಮನೆಯ ಒಂದು ಹೆಂಗಸಿನ ಬಾಯಿಗೆ ಹೆದರಿ ಹಾಕಿದ್ದು.

ಹತ್ತೊಂಬತ್ತನೇ ಅಧ್ಯಾಯದ ಕೊನೆ. ೧೪ ಸೆಪ್ಟೆಂಬರ್ ೨೦೧೯. ಅಲ್ಲಿ ಅಕ್ಷರಗಳು ಅವಸರದಲ್ಲಿದ್ದವು, ಪೆನ್ಸಿಲಿನ ಮೊನೆ ಒತ್ತಿ ಕಾಗದ ಸ್ವಲ್ಪ ಹರಿದಿತ್ತು.

'ಲೈಟ್ ಆನ್. ರೇಡಿಯೋ ಆನ್. ಎರಡು ಗಂಟೆ ನೋಡಿದೆ. ನೆರಳೇ ಇಲ್ಲ! ಕರ್ನಲ್ ಟ್ರಿಕ್?? ಅಮ್ಮಾ, ಎಲ್ಲಿಗೆ ಹೋಗ್ತಿ ನೀನು? ಮುಂದಿನ ಸಲ ಮೆಟ್ಟಿಲು ಹತ್ತಿಬಿಡ್ತೇನೆ. ಬೈದರೆ ಬೈಯಲಿ. ಲಾಸ್ಟ್ ಚಾಪ್ಟರ್ ಒಟ್ಟಿಗೇ.'

ಮುಂದಿನ ಎರಡನೇ ಶನಿವಾರ ಅಕ್ಟೋಬರ್ ಹನ್ನೆರಡು. ಅವಳು ಹೋದದ್ದು ಒಂಬತ್ತಕ್ಕೆ. ಮೂರು ದಿನ.

ಸುಗುಣಾ ಅತ್ತಳು. ಆಸ್ಪತ್ರೆಯಲ್ಲಿ ಅತ್ತದ್ದಲ್ಲ, ಹದಿಮೂರನೆಯ ದಿನ ಅತ್ತದ್ದೂ ಅಲ್ಲ, ಇದು ಬೇರೆ. "ಕಂಡುಹಿಡಿದಿಯಲ್ಲ ಮಗಾ, ನೀನೇ ಕಂಡುಹಿಡಿದಿಯಲ್ಲ" ಎಂದು ಆ ಪುಟಕ್ಕೆ ಹಣೆ ಒತ್ತಿ ಅತ್ತಳು. ಪ್ರೇಮನಾಥ ಹೊಸ್ತಿಲಿಂದ ಏಳಲಿಲ್ಲ.

ಹೊರಗೆ ಮಬ್ಬುಗತ್ತಲೆ ಇಳಿದಾಗ ಅವನು ಒಳಗೆ ಬಂದು, ಶಟರ್ ಎಳೆಯಬೇಕು ಎಂದು ಹೇಳಲಾರದೆ ನಿಂತ. ಸುಗುಣಾ ಕೈ ಚಾಚಿದಳು. ಅವನಿಗೆ ತಕ್ಷಣ ಅರ್ಥವಾಯಿತು. ಕಿಸೆಯಲ್ಲಿದ್ದ ಪೆನ್ಸಿಲು ತೆಗೆದು ಕೊಟ್ಟ.

ಒಂದನೇ ಅಧ್ಯಾಯದಿಂದ ಹತ್ತೊಂಬತ್ತರವರೆಗೆ, ಮಗಳು ಬಿಟ್ಟ ಜಾಗದಲ್ಲೆಲ್ಲ ಅವಳು ನಾಲ್ಕು ನಾಲ್ಕು ಚುಕ್ಕಿ ಇಟ್ಟಳು. ಪಿನ್ನು ಮುಟ್ಟಲಿಲ್ಲ.

"ತೆಗೆಯುದಿಲ್ವಾ?" ಎಂದ ಪ್ರೇಮನಾಥ.

"ಒಬ್ಬರೇ ಓದ್ಲಿಕ್ಕಿಲ್ಲ" ಎಂದಳು ಸುಗುಣಾ. "ಏಳು ಗಂಟೆವರೆಗೆ ಕೂರ್ತೇನೆ ಪ್ರೇಮಣ್ಣ. ಅವಳು ಅಲ್ಲಿವರೆಗೆ ಕೂರ್ತಿದ್ಲಲ್ಲ."

ಅವನು ಕೌಂಟರಿನ ಹಿಂದೆ ಹೋಗಿ ಕೂತ. ಸುಗುಣಾ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಿಂದ ಮೇಲೆ ನೋಡಿದಳು. ಮೂರನೇ ಮಹಡಿಯಲ್ಲಿ ಅವಳ ಮನೆಯ ಬಾಲ್ಕನಿ ಕೈಗೆಟಕುವಷ್ಟು ಹತ್ತಿರ ಕಾಣುತ್ತಿತ್ತು. ಹಗ್ಗದ ಮೇಲೆ ಸೀರೆ ಒಣಗುತ್ತಿತ್ತು. ದೀಪ ಉರಿಯುತ್ತಿತ್ತು, ರೇಡಿಯೋದ ಹಾಡು ಕೇಳಿಸುತ್ತಿತ್ತು. ಒಂದು ನೆರಳೂ ಅಲ್ಲಿ ಅಲುಗಾಡಲಿಲ್ಲ.